ಲಿನಕ್ಸ್ ಜೊತೆ ಏಗಿದ ವರ್ಷಗಳು

ನಮ್ಮ ಮನೆಯ ಕಂಪ್ಯೂಟರಿನೊಳಗೆ ಕೆಲವು ತಿಂಗಳು ಎರಡು ಕಾಲ ನಡೆಯುತ್ತಿದ್ದವು. ರಾತ್ರಿ ನಾನು ಉಬುಂಟು ಎಂಬ ಲಿನಕ್ಸಿನಲ್ಲಿ ಕೆಲಸ ಮುಗಿಸಿ ಮಲಗಿದರೆ, ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಅದೇ ಯಂತ್ರದಲ್ಲಿ ವಿಂಡೋಸ್ ತೆರೆದಾಗ ಮೂಲೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವಳು ಅದನ್ನು ತಿದ್ದಿ ಸರಿಮಾಡುವಳು. ಸಂಜೆ ಆರೂವರೆಗೆ ನಾನು ಬಂದು ಉಬುಂಟು ತೆರೆದರೆ ಅಲ್ಲಿ ನಡುರಾತ್ರಿ. "ರೀ, ಇದರೊಳಗಿನ ಸೆಲ್ ಹೋಗಿರ್ಬೇಕು, ಹಾಕ್ಸಿ" ಎಂದಳು. ಅಂಗಡಿಗೆ ಒಯ್ದು ಮದರ್‌ಬೋರ್ಡಿನ ಸೆಲ್ ಬದಲಾಯಿಸಿದ್ದೂ ಆಯಿತು. ಕಾಲ ಮಾತ್ರ ಕೂಡಿಬರಲಿಲ್ಲ.

ಕಾರಣ ಸೆಲ್ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಪುಟ್ಟ ಗಡಿಯಾರಕ್ಕೆ ತಾನು ಯಾವ ದೇಶದಲ್ಲಿದ್ದೇನೆಂಬುದು ತಿಳಿಯದು. ವಿಂಡೋಸ್ ಅದರಲ್ಲಿ ಊರಿನ ಸಮಯವನ್ನು ಬರೆದಿಡುತ್ತದೆ. ಲಿನಕ್ಸ್ ಗ್ರೀನಿಚ್ ಸಮಯ ಬರೆದಿಟ್ಟು, ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಲೆಕ್ಕದಲ್ಲಿ ಓದುತ್ತಿದ್ದರು, ಅಷ್ಟೆ. ಚಳಿಗಾಲದಲ್ಲಿ ಲಂಡನ್ನಿನಲ್ಲಿ ಕೂತವನಿಗೆ ಈ ತಾಪತ್ರಯ ಇದೆ ಅಂತಲೇ ಗೊತ್ತಾಗುವುದಿಲ್ಲ. ಯೋಚಿಸಿದರೆ ಲಿನಕ್ಸಿನ ಕ್ರಮವೇ ಹೆಚ್ಚು ಸರಿ. ಯಂತ್ರ ಯಾವ ದೇಶಕ್ಕೆ ಹೋದರೂ ಒಳಗಿನ ಗಡಿಯಾರವನ್ನು ಮುಟ್ಟಬೇಕಿಲ್ಲ. ಆದರೂ ಕೊನೆಗೆ ನಾನು ಮಾಡಿದ್ದು ಲಿನಕ್ಸಿನ ಒಂದು ಕಡತ ತೆರೆದು, ಯುಟಿಸಿ, ಅಂದರೆ ಅದೇ ಗ್ರೀನಿಚ್ ಸಮಯ, ಎಂಬುದರ ಮುಂದೆ 'ಯೆಸ್' ಅಂತಿದ್ದುದನ್ನು 'ನೋ' ಎಂದು ತಿದ್ದಿದ್ದು. ಸರಿಯಾಗಿದ್ದವನೇ ತಗ್ಗಬೇಕಾಯಿತು. ಮುಂದಿನ ವರ್ಷಗಳಲ್ಲಿ ಇದನ್ನು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಕಂಡೆ.

ಇದು 2008ರ ಮಾತು. ಹಾಸನದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೂ ಆಪರೇಟಿಂಗ್ ಸಿಸ್ಟಮ್ಮಿಗೂ ಏನು ನಂಟು ಎಂದರೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಒಂದು ಕಂಪ್ಯೂಟರ್. ಆ ಕಾಲದ ರೂಢಿಯಂತೆ ಅದಕ್ಕೆ ಅಂಗಡಿಯವರೇ ಒಂದು ವಿಂಡೋಸ್ ಎಕ್ಸ್‌ಪಿ ತುಂಬಿ ಕೊಟ್ಟಿದ್ದರು. ಬಿಲ್ಲಿನಲ್ಲಿ ಅದರ ಹೆಸರಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ಆ ವರ್ಷ ಒಂದು ಅಪ್‌ಡೇಟ್ ಬಂದದ್ದೇ ತಡ, ಪರದೆಯ ಮೇಲಿದ್ದ ಮಗಳ ಫೋಟೋ ಹೋಗಿ ಇಡೀ ಪರದೆ ಕಪ್ಪಾಯಿತು, ಮೂಲೆಯಲ್ಲಿ 'ನಿಮ್ಮ ಪ್ರತಿ ಅಸಲಿಯಲ್ಲ' ಎಂಬರ್ಥದ ಸಾಲು ಕೂತಿತು. ಫೋಟೋ ಮತ್ತೆ ಹಾಕಿದರೆ ಗಂಟೆಯೊಳಗೆ ಮತ್ತೆ ಕಪ್ಪು. ಕಳ್ಳಮಾಲು ಇಟ್ಟುಕೊಂಡವನಿಗೆ ಮನೆಯ ಗೋಡೆಯೇ ದಿನವಿಡೀ ಅದನ್ನು ಹೇಳಿ ತೋರಿಸುತ್ತಿತ್ತು.

ಅಸಲಿ ಕೊಳ್ಳಲು ಹೋದರೆ ನನ್ನ ಸಂಬಳದಲ್ಲಿ ದೊಡ್ಡ ತುಂಡು. ಆಗ ಉಬುಂಟು ತಯಾರಿಸುವ ಕೆನಾನಿಕಲ್ ಸಂಸ್ಥೆಗೆ ಶಿಪ್‌ಇಟ್ ಎಂಬ ಒಂದು ಪರಿಪಾಠವಿತ್ತು. ವಿಳಾಸ ಬರೆದು ಕಳಿಸಿದರೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, ಅಂಚೆ ವೆಚ್ಚವೂ ಅವರದೇ. 2011ರಲ್ಲಿ ಅದನ್ನು ನಿಲ್ಲಿಸಿದರು. ಕೇಳಿದ್ದನ್ನು ಮರೆತುಹೋಗುವಷ್ಟು ದಿನವಾದ ಮೇಲೆ ಅಂಚೆಯಣ್ಣ ರಟ್ಟಿನ ಲಕೋಟೆ ತಂದು, "ಫಾರಿನ್‌ನಿಂದ ಬಂದಿದೆ ಸಾರ್" ಎಂದು ತುಸು ಹೊತ್ತು ಅಲ್ಲೇ ನಿಂತ. ಒಳಗೆ 8.04 ಆವೃತ್ತಿಯ ಸಿಡಿ, ಜೊತೆಗೆ ಸ್ಟಿಕ್ಕರ್. ಸಿಡಿಯಿಂದಲೇ ನಡೆಸಿ ನೋಡಬಹುದು, ಇಷ್ಟವಾದರೆ ಮಾತ್ರ ತುಂಬಿಕೊಳ್ಳಬಹುದು. ಕಂದು ಬಣ್ಣದ ಆ ಪರದೆ ಅಷ್ಟೇನೂ ಚೆಂದವಿರಲಿಲ್ಲ, ನಿಜ. ಆದರೆ ಅದು ನನ್ನದಾಗಿತ್ತು, ಯಾರಿಗೂ ಮರೆಮಾಚಬೇಕಿರಲಿಲ್ಲ. ನನ್ನನ್ನು ಲಿನಕ್ಸ್‌ಗೆ ತಂದದ್ದು ಸ್ವಾತಂತ್ರ್ಯದ ತತ್ವಶಾಸ್ತ್ರ ಎಂದು ಆಮೇಲೆ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ತಂದದ್ದು ಆ ಕಪ್ಪು ಪರದೆ.

ಮೊದಲ ಗುದ್ದಾಟ ಇಂಟರ್ನೆಟ್ಟಿನ ಜೊತೆ. ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಇರುವವರೆಗೆ ತೊಂದರೆಯೇ ಇರಲಿಲ್ಲ, ತಂತಿ ಚುಚ್ಚಿದರೆ ಸಾಕಿತ್ತು. ಮನೆ ಬದಲಾಯಿಸಿದ ಬಡಾವಣೆಗೆ ತಂತಿ ಬಂದಿರಲಿಲ್ಲ. ಪೆನ್‌ಡ್ರೈವ್ ಹಾಗೆ ಚುಚ್ಚುವ ಡಾಂಗಲ್ ಒಂದನ್ನು ತಂದೆ. ಅದು ಮೊದಲು ತಾನೊಂದು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತದೆ. ಆ ಸಿಡಿಯೊಳಗೆ ವಿಂಡೋಸ್‌ಗೆ ಬೇಕಾದ ಡ್ರೈವರ್ ಇರುತ್ತದೆ, ಅದು ತುಂಬಿಕೊಂಡ ಮೇಲಷ್ಟೇ ಡಾಂಗಲ್ ಮೋಡೆಮ್ಮಾಗಿ ರೂಪ ಬದಲಿಸುತ್ತದೆ. ನನ್ನ ಉಬುಂಟು ಅದನ್ನು ಸಿಡಿ ಎಂದೇ ನಂಬಿ ಪರದೆಯ ಮೇಲೆ ಸಿಡಿಯ ಚಿತ್ರ ಇಟ್ಟು ಕೈಕಟ್ಟಿ ಕೂರುತ್ತಿತ್ತು. ವೇಷ ಬದಲಿಸಲು ಆಜ್ಞೆ ಕೊಡುವ ಒಂದು ಪುಟ್ಟ ತಂತ್ರಾಂಶ ಇತ್ತು. ಅದು ಇದ್ದದ್ದು ಇಂಟರ್ನೆಟ್ಟಿನಲ್ಲಿ!

ಇಂಟರ್ನೆಟ್ ಬರಿಸಲು ಇಂಟರ್ನೆಟ್ ಬೇಕು. ಲಿನಕ್ಸ್ ಬಳಸಿದ ನನ್ನ ಓರಗೆಯವರೆಲ್ಲ ಈ ಗುಂಡಿಗೆ ಒಮ್ಮೆಯಾದರೂ ಬಿದ್ದವರೇ. ಕೆಲವರಿಗೆ ಡಾಂಗಲ್, ಇನ್ನು ಕೆಲವರಿಗೆ ಲ್ಯಾಪ್‌ಟಾಪಿನ ವೈಫೈ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಪೆನ್‌ಡ್ರೈವ್ ಹಿಡಿದು ಹೋಗಿ ಒಂದು ಪ್ಯಾಕೇಜ್ ಇಳಿಸಿಕೊಂಡು ಬಂದರೆ, ಅದು ಮನೆಯಲ್ಲಿ 'ನನಗೆ ಇನ್ನೊಂದು ಬೇಕು' ಎನ್ನುತ್ತಿತ್ತು. ಮತ್ತೆ ಹೋಗು. ಆ ಇನ್ನೊಂದಕ್ಕೆ ಮತ್ತೊಂದು. ಕೆಫೆಯ ಹುಡುಗ ನನ್ನನ್ನು ಕಂಡರೆ ಗಂಟೆಯ ಲೆಕ್ಕ ಬರೆಯುವುದನ್ನೇ ಬಿಟ್ಟಿದ್ದ. ಕಡೆಗೆ ಒಂದು ಕಡತದಲ್ಲಿ #777 ಎಂಬ ಡಯಲ್ ನಂಬರನ್ನು ಕೈಯಾರೆ ಬರೆದು, ಟರ್ಮಿನಲ್ಲಿನಲ್ಲಿ ಒಂದು ಆಜ್ಞೆ ಕೊಟ್ಟಾಗ ಸಾಲುಸಾಲಾಗಿ ಅಕ್ಷರ ಓಡಿ, ಕೊನೆಗೆ ಒಂದು ವಿಳಾಸದ ಅಂಕಿ ಬಂದು ನಿಂತಿತು. ಸಂಪರ್ಕ ಸಿಕ್ಕಿತ್ತು. ಆ ಹೊತ್ತಿನ ಹಿಗ್ಗು ಎಂಥದೆಂದರೆ, ಏನು ನೋಡಲು ಇಂಟರ್ನೆಟ್ ಬೇಕಿತ್ತು ಎಂಬುದೇ ಮರೆತಿತ್ತು. ಈ ಹಿಗ್ಗು ಅಪಾಯದ್ದು. ವಿಂಡೋಸ್ ಬಳಸುವವನು ಡಾಂಗಲ್ ಚುಚ್ಚಿ ತನ್ನ ಕೆಲಸಕ್ಕೆ ಹೋಗುತ್ತಾನೆ. ನಾವು ಡಾಂಗಲ್ ಚುಚ್ಚಿದ್ದನ್ನೇ ಕೆಲಸ ಎಂದುಕೊಳ್ಳಲು ಶುರುಮಾಡುತ್ತೇವೆ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಹಳ್ಳಿ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ಅವರು ನುಡಿ ತಂತ್ರಾಂಶದಲ್ಲಿ ಟೈಪ್ ಕಲಿತು, ಊರಿನ ಕೆರೆ, ಜಾತ್ರೆ, ತಾವು ಕಂಡ ಶಾಲೆ ಇನ್ಸ್‌ಪೆಕ್ಟರುಗಳು ಹೀಗೆ ನೆನಪಾದದ್ದನ್ನೆಲ್ಲ ಬರೆದಿಡುತ್ತಿದ್ದರು. ನಾನು ಲ್ಯಾಪ್‌ಟಾಪ್ ಕೊಂಡ ಮೇಲೆ ಎಸ್.ಪಿ. ರೋಡಿನ ಯಂತ್ರ ಅವರ ಪಾಲಾಗಿತ್ತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಆಸರೆ ಮುಗಿಯಿತು. ಹೊಸ ವಿಂಡೋಸ್ ಹೊರುವ ತ್ರಾಣ ಆ ಹಳೇ ಯಂತ್ರಕ್ಕಿರಲಿಲ್ಲ, ಅದರ ಮೆಮೊರಿ 512 ಎಂಬಿ. ಉಬುಂಟುವಿನ ಹಗುರ ರೂಪವಾದ ಲುಬುಂಟು ಹಾಕಿದೆ. ಓಡಿತು, ಮೊದಲಿಗಿಂತ ಚುರುಕಾಗಿಯೇ.

ಬೆರಳಿಗೆ ಕಷ್ಟವಾಗಲಿಲ್ಲ. ನುಡಿಯಲ್ಲಿದ್ದ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿತ್ತು. ಒತ್ತಕ್ಷರಕ್ಕೆ ಎಫ್ ಒತ್ತುವುದು ಅಲ್ಲೂ ಹಾಗೇ ಇಲ್ಲೂ ಹಾಗೇ. ಕಷ್ಟವಾದದ್ದು ಹಳೆಯ ಬರಹಗಳನ್ನು ತೆರೆದಾಗ. ನುಡಿಯ ಹಳೆಯ ಕಡತಗಳಲ್ಲಿ ಇರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಆಕಾರಗಳು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬೂದಿ. ಅಪ್ಪ ತಮ್ಮ ಕಡತ ತೆರೆದರೆ 'ಕನ್ನಡ' ಎಂಬ ಮಾತಿದ್ದ ಕಡೆ ಕಂಡದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತದೇ ಎ, ಜರ್ಮನರ ಜೋಡಿ ಎಸ್ಸು, ಸಣ್ಣ ಕ್ಯೂ, ಇನ್ನೊಂದು ಎ. ಕನ್ನಡಕ ಒರೆಸಿಕೊಂಡು ನೋಡಿದರು. "ಏನೋ ಇದು, ನಮ್ಮೂರ ಕೆರೆ ಇಂಗ್ಲೆಂಡಿಗೆ ಹೋಗಿದೆಯಲ್ಲೋ" ಎಂದರು.

ಒಂದೊಂದೇ ಕಡತವನ್ನು, ಕನ್ನಡ ಅಕ್ಷರಗಳೇ ಇರುವ ಯೂನಿಕೋಡ್‌ಗೆ ಪರಿವರ್ತಿಸುತ್ತ ಕೂತೆ. ಪರಿವರ್ತಕಗಳು ಮುಕ್ಕಾಲು ಕೆಲಸ ಸರಿಯಾಗಿಯೇ ಮಾಡುತ್ತವೆ. ಉಳಿದ ಕಾಲುಭಾಗದಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತುಗಳು ಕಳಚಿ ಚುಕ್ಕೆಯ ವೃತ್ತಕ್ಕೆ ಜೋತುಬೀಳುತ್ತವೆ. ನಡುವೆ ಇಂಗ್ಲಿಷ್ ಪದವಿದ್ದರಂತೂ ಅದನ್ನೂ ನುಡಿಯ ಸಂಕೇತ ಎಂದೇ ತಿಳಿದು ಕನ್ನಡ ಮಾಡಿಬಿಡುತ್ತವೆ. ಇನ್ಸ್‌ಪೆಕ್ಟರ್ ಒಬ್ಬರ ಇನಿಷಿಯಲ್ಲು ಯಾವ ಭಾಷೆಗೂ ಸಲ್ಲದ ಒಂದು ಒತ್ತಕ್ಷರವಾಗಿತ್ತು. ಅಪ್ಪ ಬಹಳ ಹೊತ್ತು ನಕ್ಕರು. ಆದರೆ ನಗುವಿನ ಆಚೆ ಒಂದು ಮಾತಿತ್ತು. ಈ ತಿದ್ದುವ ಕೆಲಸವನ್ನು ಅವರು ಕೇಳಿರಲಿಲ್ಲ. ಇದರಲ್ಲಿ ಲಿನಕ್ಸಿನ ದೋಷವೂ ಇರಲಿಲ್ಲ. ಯೂನಿಕೋಡ್ ಇಂದಲ್ಲ ನಾಳೆ ಎಲ್ಲರಿಗೂ ಬರಬೇಕಾದದ್ದೇ. ಬೇರೆಯವರಿಗೆ ನಾಳೆ ಬಂದದ್ದು ನಮ್ಮ ಮನೆಗೆ ಮೊದಲೇ ಬಂತು.

ಫೋನಿನಲ್ಲಿ ಅವರಿಗೆ ದುರಸ್ತಿ ಹೇಳಿಕೊಡುವ ಪ್ರಸಂಗಗಳು ಬೇರೆ. ಒಮ್ಮೆ ಅಪ್‌ಡೇಟ್ ಅರ್ಧಕ್ಕೆ ನಿಂತು, ಟರ್ಮಿನಲ್ ತೆರೆದು ಒಂದು ಆಜ್ಞೆ ಕೊಡಿಸಬೇಕಾಯಿತು. ಅಕ್ಷರ ಅಕ್ಷರ ಹೇಳಿ ಬರೆಸಿದೆ. ಅದು ಪಾಸ್‌ವರ್ಡ್ ಕೇಳಿತು.

"ಏನೂ ಬೀಳ್ತಿಲ್ಲ ಕಣೋ. ಕೀಬೋರ್ಡ್ ಕೆಟ್ಟಿದೆ."

"ಕೆಟ್ಟಿಲ್ಲ ಅಪ್ಪ. ಪಾಸ್‌ವರ್ಡ್ ಹೊಡೆದರೆ ಅಲ್ಲಿ ಏನೂ ಕಾಣಲ್ಲ. ಹೊಡೆದು ಎಂಟರ್ ಒತ್ತಿ."

"ಕಾಣದಿದ್ರೆ ಸರಿ ಹೊಡೆದ್ನೋ ತಪ್ಪು ಹೊಡೆದ್ನೋ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

"ಹಂಗಾದ್ರೆ ಇದನ್ನ ಮಾಡಿದವನು ಯಾವತ್ತೂ ಮಕ್ಕಳಿಗೆ ಪಾಠ ಹೇಳಿಲ್ಲ ಬಿಡು."

ಹಿಂದೆ ನಿಂತು ನೋಡುವವನಿಗೆ ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇವೆ ಎಂಬುದೂ ತಿಳಿಯಬಾರದೆಂದು ಯುನಿಕ್ಸ್ ಕಾಲದಿಂದ ಬಂದ ಎಚ್ಚರಿಕೆ ಅದು. ಅಪ್ಪನ ಮನೆಯಲ್ಲಿ ಹಿಂದೆ ನಿಲ್ಲುತ್ತಿದ್ದುದು ಅಮ್ಮ ಮತ್ತು ಬೆಕ್ಕು. ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸಿನವರು ಹೊಡೆದ ಅಕ್ಷರಕ್ಕೊಂದು ನಕ್ಷತ್ರ ತೋರಿಸುವ ಕ್ರಮ ತಂದರು. ಅಪ್ಪನ ವಾದ ಅವರಿಗಾದರೂ ಒಪ್ಪಿಗೆಯಾಯಿತು.

ಲಿನಕ್ಸಿನ ಬಗ್ಗೆ ದೂರು ಹೇಳುವವರು ಅದರ ಒಳಗನ್ನು ದೂರುತ್ತಾರೆ. ಟರ್ಮಿನಲ್ ಕಷ್ಟ, ಆಜ್ಞೆ ಕಷ್ಟ ಎನ್ನುತ್ತಾರೆ. ನನ್ನ ಅನುಭವ ಬೇರೆ. ಮನೆಯೊಳಗೆ ಕೂತು ಬರೆಯಲು, ಓದಲು, ಹಾಡು ಕೇಳಲು ಅದು ಎಂದೂ ಕಾಡಿದ್ದಿಲ್ಲ. ಕಾಡಿದ್ದೆಲ್ಲ ಹೊಸಿಲಿನಲ್ಲಿ. ನನ್ನ ಯಂತ್ರದಿಂದ ಒಂದು ವಸ್ತು ಹೊರಗೆ ಹೋಗಬೇಕಾದಾಗ ಅಥವಾ ಹೊರಗಿನದು ಒಳಗೆ ಬರಬೇಕಾದಾಗ. ಅಲ್ಲಿ ಬಾಗಿಲ ಎತ್ತರ ಗೊತ್ತುಮಾಡಿದವರು ಬೇರೆ, ತಲೆ ಬಗ್ಗಿಸುವವರು ನಾವು.

ಅಂಥ ಹೊಸಿಲುಗಳಲ್ಲಿ ದೊಡ್ಡದು ಡಿಟಿಪಿ ಅಂಗಡಿ. ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕತ್ವ ನನ್ನ ತಲೆಗೆ ಬಿದ್ದಿತ್ತು. ಎಲ್ಲ ಲೇಖನಗಳನ್ನೂ ಲಿಬ್ರೆ ಆಫೀಸಿನಲ್ಲಿ ಯೂನಿಕೋಡಿನಲ್ಲಿ ತಿದ್ದಿ, ಅಚ್ಚುಕಟ್ಟಾಗಿ ಪಿಡಿಎಫ್ ಮಾಡಿ ಒಯ್ದೆ. ಅಂಗಡಿಯವರು ಪರದೆ ನೋಡಿ, "ಚೆನ್ನಾಗಿದೆ ಸಾರ್. ಆದ್ರೆ ಪೇಜ್‌ಮೇಕರ್‌ಗೆ ಬರಲ್ಲ. ನುಡಿಯಲ್ಲಿ ಕೊಡಿ" ಎಂದರು. ಪೇಜ್‌ಮೇಕರ್ ಎಂಬುದನ್ನು ಮಾಡಿದ ಕಂಪನಿಯೇ ಅಷ್ಟರಲ್ಲಿ ಕೈಬಿಟ್ಟು ವರ್ಷಗಳಾಗಿದ್ದವು. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಆದರೆ ಊರಿನ ಅಚ್ಚುಮನೆಗಳೆಲ್ಲ ಅದರ ಮೇಲೇ ನಿಂತಿದ್ದವು. ನನ್ನ ಕಡೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶ ಇತ್ತಲ್ಲ ಎಂದರೆ, 2017ರ ಸುಮಾರಿನವರೆಗೆ ಅದಕ್ಕೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಒತ್ತಕ್ಷರ ಬಾರದ ತಂತ್ರಾಂಶದಲ್ಲಿ ಕನ್ನಡ ಪುಸ್ತಕ ಮಾಡುವುದು ಹೇಗೆ? ಹೀಗಾಗಿ ಅಪ್ಪನ ಕಡತಗಳನ್ನು ನುಡಿಯಿಂದ ಯೂನಿಕೋಡಿಗೆ ತಂದ ಕೈಗಳೇ ಸಂಚಿಕೆಯನ್ನು ಯೂನಿಕೋಡಿನಿಂದ ನುಡಿಗೆ ಇಳಿಸಿದವು. ಮುಂದುವರಿದವನು ಹಿಂದೆ ನಡೆದು ಬರಬೇಕು, ಪರಿವರ್ತನೆಯಲ್ಲಿ ಹುಟ್ಟಿದ ತಪ್ಪುಗಳಿಗೆ ಮತ್ತೊಂದು ಸುತ್ತು ಪ್ರೂಫ್ ನೋಡಬೇಕು.

ಅದೇ ಅಂಗಡಿಯಲ್ಲಿ ನನ್ನ ಮರ್ಯಾದೆ ಹೆಚ್ಚಿದ್ದೂ ಲಿನಕ್ಸಿನಿಂದಲೇ. ಜೆರಾಕ್ಸ್, ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳು ಆ ಕಾಲದಲ್ಲಿ ಪೆನ್‌ಡ್ರೈವ್ ವೈರಸ್ಸುಗಳ ತವರು. ಚುಚ್ಚಿ ತೆಗೆದರೆ ಫೋಲ್ಡರುಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ಟುಗಳು. ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಇದ್ದ ಪೆನ್‌ಡ್ರೈವ್ ಹಿಡಿದು ಅಳುವುದೊಂದು ಬಾಕಿ. ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ ಅವಳ ಫೋಲ್ಡರ್ ಎಲ್ಲಿತ್ತೋ ಅಲ್ಲೇ ಇತ್ತು. ವೈರಸ್ ಮಾಡಿದ್ದು ಫೋಲ್ಡರಿಗೆ 'ಅಡಗಿಸು' ಎಂಬ ಗುರುತು ಹಚ್ಚಿದ್ದಷ್ಟೇ. ವಿಂಡೋಸ್ ಆ ಗುರುತನ್ನು ಮನ್ನಿಸುತ್ತದೆ, ಲಿನಕ್ಸ್ ಮನ್ನಿಸುವುದಿಲ್ಲ. ವೈರಸ್ಸಿನ ಕಡತ, ಸುಳ್ಳು ಶಾರ್ಟ್‌ಕಟ್ಟು ಎಲ್ಲ ಒಂದೇ ಸಾಲಿನಲ್ಲಿ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಆರಿಸಿ ಅಳಿಸಿದೆ. ಆಮೇಲೆ ಪರೀಕ್ಷೆಯ ಕಾಲದಲ್ಲಿ ಸ್ಟಾಫ್‌ರೂಮಿಗೆ ಪೆನ್‌ಡ್ರೈವ್ ಹಿಡಿದು ಬರುವವರು ಹೆಚ್ಚಾದರು. ಇವರಿಗೆ ಏನೋ ಮಂತ್ರ ಗೊತ್ತು ಎಂದೇ ಹುಡುಗರು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಪ್ರಿಂಟರ್ ಬಗ್ಗೆ ಬರೆಯುವಾಗ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಕಂಪನಿಯ ಹೆಸರು ಬೇಡ. ಆಗ ಊರಿಗೆಲ್ಲ ಅದೇ ಪ್ರಿಂಟರ್. ಅಗ್ಗ, ಗಟ್ಟಿ, ಟೋನರ್ ಎಲ್ಲೆಡೆ ಸಿಗುತ್ತದೆ. ನಾನೂ ಕೊಂಡೆ. ಇಂಥ ಅಗ್ಗದ ಲೇಸರ್ ಪ್ರಿಂಟರುಗಳಿಗೆ ಸ್ವಂತ ತಲೆ ಇರುವುದಿಲ್ಲ. ಪುಟವನ್ನು ಚುಕ್ಕೆಗಳಾಗಿ ಒಡೆಯುವ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿ, ಆ ಕಂಪನಿಗಷ್ಟೇ ಗೊತ್ತಿರುವ ಭಾಷೆಯಲ್ಲಿ ಕಳಿಸಬೇಕು. ಲಿನಕ್ಸಿಗೂ ಡ್ರೈವರ್ ಕೊಟ್ಟಿದ್ದರು, ಆದರೆ 32 ಬಿಟ್ ಕಾಲದಲ್ಲಿ ಕಟ್ಟಿದ ಮುಚ್ಚಿದ ಡಬ್ಬ. ನನ್ನದು 64 ಬಿಟ್. ಹಳೆಯ ಲೈಬ್ರರಿಗಳನ್ನು ಜೋಡಿಸಿ, ಹಿನ್ನೆಲೆಯಲ್ಲಿ ಒಂದು ಸೇವೆ ಎಬ್ಬಿಸಿ, ಇಂಥದ್ದೇ ಕ್ರಮದಲ್ಲಿ ಮೊದಲು ಪ್ರಿಂಟರ್ ಆಮೇಲೆ ಕಂಪ್ಯೂಟರ್ ಹಚ್ಚಿದರೆ ಒಂದು ಪುಟ ಬರುತ್ತಿತ್ತು. ಎರಡನೆಯದಕ್ಕೆ ಕಿತ್ತಳೆ ದೀಪ ಮಿಣುಕುತ್ತ ಕೂರುತ್ತಿತ್ತು. ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮರುದಿನ ಬೆಳಿಗ್ಗೆ ಬೇಕಾದಾಗ ಆ ದೀಪದ ಮಿಣುಕನ್ನು ನೋಡುತ್ತ ಕೂತವನಿಗೆ ತಂತ್ರಾಂಶ ಸ್ವಾತಂತ್ರ್ಯದ ಮಾತು ರುಚಿಸುವುದಿಲ್ಲ. ಕೊನೆಗೆ ಕಂಡುಕೊಂಡ ದಾರಿ ಎಂದರೆ ಲಿನಕ್ಸಿನ ಒಳಗೆ ಒಂದು ವರ್ಚುವಲ್ ಯಂತ್ರ, ಅದರೊಳಗೆ ವಿಂಡೋಸ್, ಅದರ ಮೂಲಕ ಪ್ರಿಂಟು. ಯಾವುದನ್ನು ಬಿಟ್ಟು ಬಂದೆನೋ ಅದನ್ನೇ ಒಳಗಿನ ಕೋಣೆಯಲ್ಲಿ ಇಟ್ಟುಕೊಂಡು, ಕಾಗದ ಬೇಕಾದಾಗಲೆಲ್ಲ ಬಾಗಿಲು ತಟ್ಟುತ್ತಿದ್ದೆ. ಈ ಸಲ ವಿಂಡೋಸ್ ಅಸಲಿಯದು, ಲ್ಯಾಪ್‌ಟಾಪಿನ ಜೊತೆಗೇ ಬಂದ ಲೈಸೆನ್ಸು ಇತ್ತು ಎಂಬುದಷ್ಟೇ ಸಮಾಧಾನ.

ಗ್ರಾಫಿಕ್ಸ್ ಕಾರ್ಡಿನದೂ ಇದೇ ಜಾಯಮಾನದ ಕಥೆ, ಚುಟುಕಾಗಿ ಹೇಳುತ್ತೇನೆ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾದಾಗಲೆಲ್ಲ ಕಾರ್ಡಿನ ಮುಚ್ಚಿದ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಸಾಮಾನ್ಯವಾಗಿ ತಂತಾನೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳದ ದಿನ ಬೆಳಿಗ್ಗೆ ಪರದೆ ಕಪ್ಪು, ಎಡ ಮೂಲೆಯಲ್ಲಿ ಒಂದು ಗೆರೆ ಮಿನುಗುತ್ತಿರುತ್ತದೆ. ಕರ್ನಲ್ ಬರೆಯುವವರು ತಮ್ಮ ಒಳಗಿನ ಜೋಡಣೆಯನ್ನು ಬೇಕಾದಾಗ ಬದಲಿಸುವ ಹಕ್ಕು ಬಿಟ್ಟುಕೊಡುವುದಿಲ್ಲ. ನಿಮ್ಮ ಡ್ರೈವರಿನ ಮೂಲವನ್ನು ನಮಗೆ ಕೊಡಿ, ನಾವೇ ಅದನ್ನೂ ಬದಲಿಸಿಕೊಂಡು ಹೋಗುತ್ತೇವೆ ಎನ್ನುತ್ತಾರೆ. ಕಂಪನಿ ಕೊಡುತ್ತಿರಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಒಂದು ಸಭೆಯಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅಂಥದೊಂದು ಕಂಪನಿಗೆ ಕ್ಯಾಮೆರಾ ಮುಂದೆಯೇ ನಡುಬೆರಳು ಎತ್ತಿ ತೋರಿಸಿದ. ಜಗತ್ತಿನ ಲಿನಕ್ಸಿಗರೆಲ್ಲ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಇಬ್ಬರು ದೊಡ್ಡವರ ನ್ಯಾಯದ ಜಗಳದ ನಡುವೆ ಕಪ್ಪು ಪರದೆ ನೋಡುತ್ತ ಕೂತವರು ನಾವು. ಹಳೆಯ ಕರ್ನಲ್ ಆರಿಸಿ ಒಳಗೆ ಹೋಗುವ ದಾರಿ ಇರುತ್ತದೆ, ಕಲಿತೆ.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವಳ ದೂರು ಡ್ರೈವರಿನದಲ್ಲ, ಮನೆಯ ಸಾಮಾನನ್ನು ಯಾರೋ ಬಂದು ಎತ್ತಿಡುತ್ತಾರೆ ಎಂಬುದು. 2010ರ ಆವೃತ್ತಿಯಲ್ಲಿ ಉಬುಂಟುವಿನವರು ವಿಂಡೋ ಮುಚ್ಚುವ ಗುಂಡಿಗಳನ್ನು ಬಲಗಡೆಯಿಂದ ಎಡಗಡೆಗೆ ಒಯ್ದರು. ಅವಳ ಕೈ ಬಲಮೂಲೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಿತ್ತು. ಆ ಕೈ ಪಳಗುವಷ್ಟರಲ್ಲಿ, 2011ರಲ್ಲಿ ಯೂನಿಟಿ ಎಂಬ ಹೊಸ ಪರದೆಯೇ ಬಂತು. ಮೆನು ಇದ್ದಲ್ಲಿ ಮೆನು ಇಲ್ಲ. 2017ರಲ್ಲಿ ಯೂನಿಟಿಯನ್ನೇ ಬಿಟ್ಟು ಗ್ನೋಮ್ ಎಂಬ ಪರದೆಗೆ ವಾಪಸಾದರು, ಗುಂಡಿಗಳು ಮತ್ತೆ ಬಲಕ್ಕೆ ಬಂದವು. "ನಿಮ್ಮವರು ಮನಸ್ಸು ಗಟ್ಟಿಮಾಡಿಕೊಂಡ ಮೇಲೆ ಹೇಳಿ, ಆಗ ಕೂರ್ತೀನಿ" ಎಂದಳು. ಈ 'ನಿಮ್ಮವರು' ಎಂಬುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೇಡವೆಂದರೆ ಬೇರೆ ಪರದೆ ಹಾಕಿಕೊಳ್ಳಬಹುದು, ಕೆಡಿಇ ಇದೆ, ಎಕ್ಸ್‌ಎಫ್‌ಸಿಇ ಇದೆ, ಮಾಟೆ ಇದೆ ಎಂದು ಪಟ್ಟಿ ಒಪ್ಪಿಸಿದೆ. ಅವಳಿಗೆ ಬೇಕಾಗಿದ್ದುದು ಆಯ್ಕೆಯಲ್ಲ, ಅಂಕಪಟ್ಟಿ. ಶಿಕ್ಷಣ ಇಲಾಖೆಯ ಕೆಲಸಕ್ಕೆ ಬರುತ್ತಿದ್ದ ಎಕ್ಸೆಲ್ ಕಡತಗಳಲ್ಲಿ ಮ್ಯಾಕ್ರೋಗಳು ಇರುತ್ತಿದ್ದವು, ಲಿಬ್ರೆ ಆಫೀಸಿನಲ್ಲಿ ಗುಂಡಿ ಒತ್ತಿದರೆ ಅವು ಅಲುಗುತ್ತಿರಲಿಲ್ಲ. ಅವಳು ಲಿನಕ್ಸ್ ಬಿಟ್ಟಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು, ಗಣಿತದವಳು.

ಕೊಡು-ಕೊಳ್ಳುವ ಲೆಕ್ಕ ನನಗೆ ಕಣ್ಣಿಗೆ ಕಟ್ಟುವಂತೆ ಕಂಡದ್ದು 2020ರ ಆನ್‌ಲೈನ್ ಪಾಠದಲ್ಲಿ. ಆಗ ಉಬುಂಟು ಬಿಟ್ಟು ಡೆಬಿಯನ್ ಎಂಬ ಲಿನಕ್ಸಿನ 10ನೇ ಆವೃತ್ತಿ ಬಳಸುತ್ತಿದ್ದೆ. ಹಳಗನ್ನಡದ ಪದ್ಯವೊಂದನ್ನು ಪರದೆಯಲ್ಲಿ ಹಂಚಿ, ಅನ್ವಯ ಮಾಡಿ, ಅರ್ಥ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಬಹಳ ಹೊತ್ತಾದ ಮೇಲೆ ಒಬ್ಬ ಹುಡುಗ ಮೈಕ್ ತೆರೆದು, "ಸಾರ್, ನೀವು ಹೇಳ್ತಿರೋದು ಕೇಳ್ತಿದೆ. ಪರದೆ ಪೂರ್ತಿ ಕಪ್ಪಗಿದೆ ಸಾರ್" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಹಳಗನ್ನಡ ಅಲ್ವಾ ಸಾರ್, ಕೇಳಿಸ್ಕೊಳ್ಳೋದೇ ಇರ್ಬೇಕು ಅಂದ್ಕೊಂಡ್ವಿ."

ಅದರ ಕಾರಣ ಸ್ವಾರಸ್ಯದ್ದು. ಲಿನಕ್ಸಿನ ಪರದೆಯನ್ನು ದಶಕಗಳಿಂದ ನಡೆಸುತ್ತಿದ್ದುದು ಎಕ್ಸ್ ಎಂಬ ವ್ಯವಸ್ಥೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಪರಸ್ಪರ ನಂಬಿಕೆಯಿದ್ದ ಕಾಲದ್ದು. ಅದರಲ್ಲಿ ಓಡುವ ಯಾವುದೇ ತಂತ್ರಾಂಶ ಇಡೀ ಪರದೆಯನ್ನು ನೋಡಬಹುದು, ಬೇರೊಂದರಲ್ಲಿ ನೀವು ಹೊಡೆಯುತ್ತಿರುವ ಕೀಲಿಗಳನ್ನೂ ಕದ್ದು ಕೇಳಬಹುದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಈ ಇಣುಕಾಟಕ್ಕೆ ಅವಕಾಶ ಕೊಡುವುದಿಲ್ಲ. ಪ್ರತಿ ತಂತ್ರಾಂಶಕ್ಕೂ ತನ್ನ ಕಿಟಕಿಯಷ್ಟೇ ಕಾಣುತ್ತದೆ. ಪರದೆ ಹಂಚಬೇಕಾದರೆ ಪ್ರತ್ಯೇಕ ದಾರಿಯಲ್ಲಿ ಬಳಕೆದಾರನ ಅಪ್ಪಣೆ ಪಡೆಯಬೇಕು. ಆ ದಾರಿ ಇನ್ನೂ ಸವೆದಿರಲಿಲ್ಲ, ನಾನು ಬಳಸುತ್ತಿದ್ದ ಮೀಟಿಂಗ್ ತಂತ್ರಾಂಶಕ್ಕೆ ಆ ಅಪ್ಪಣೆ ಕೇಳಲು ಗೊತ್ತಿರಲಿಲ್ಲ. ಅದು ಹಳೆಯ ಅಭ್ಯಾಸದಂತೆ ಇಣುಕಿತು, ಕತ್ತಲೆ ಕಂಡಿತು, ಕತ್ತಲೆಯನ್ನೇ ಹುಡುಗರಿಗೆ ಹಂಚಿತು. ಮರುದಿನದಿಂದ ಲಾಗಿನ್ ಆಗುವ ಹೊತ್ತಿಗೆ ಹಲ್ಲುಚಕ್ರದ ಗುರುತು ಒತ್ತಿ ಹಳೆಯ ಎಕ್ಸನ್ನೇ ಆರಿಸಿಕೊಂಡೆ. ಹೆಚ್ಚು ಭದ್ರವಾದದ್ದನ್ನು ಬಿಟ್ಟು, ಕೆಲಸ ಸಾಗುವುದನ್ನು ಹಿಡಿದದ್ದು. ಮನೆ ಕಂಪ್ಯೂಟರಿನ ಗಡಿಯಾರದಲ್ಲೂ ಇದೇ ಆಗಿತ್ತು. ಈ ಸಲ ಯಾಕೆ ತಗ್ಗುತ್ತಿದ್ದೇನೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಹಾಗಾದರೆ ಸಿಕ್ಕಿದ್ದೇನು? ಬೇಕಾದಷ್ಟು. ಹಳೆಯ ಗ್ರಂಥಗಳ ಸ್ಕ್ಯಾನ್ ಪುಟಗಳನ್ನು ನೂರುಗಟ್ಟಲೆ ಒಮ್ಮೆಗೇ ತಿರುಗಿಸಿ, ಅಂಚು ಕತ್ತರಿಸಿ, ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ ಕನ್ನಡ ಅಕ್ಷರ ಮಾಡಿಸಿಕೊಳ್ಳಲು ನನಗೆ ಒಂದು ಸಾಲು ಆಜ್ಞೆ ಸಾಕು. ಒತ್ತುಗಳಲ್ಲಿ ತಪ್ಪುತ್ತದೆ, ತಿದ್ದಿಕೊಳ್ಳುತ್ತೇನೆ. ಪರದೆಯ ಮೂಲೆಯಲ್ಲಿ ಜಾಹೀರಾತಿಲ್ಲ. ಪಾಠದ ನಡುವೆ ತಾನೇ ಮುಚ್ಚಿ ಅಪ್‌ಡೇಟ್ ಮಾಡಿಕೊಳ್ಳುವ ಯಜಮಾನಿಕೆ ಇಲ್ಲ. ಕಾಡಿದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಕೈಗೆ ಸಿಗುತ್ತದೆ. ಮುಚ್ಚುವಾಗ ಕೆಲವೊಮ್ಮೆ ಯಾವುದೋ ಸೇವೆ ನಿಲ್ಲಲು ಒಲ್ಲೆನೆಂದು 'ಒಂದು ನಿಮಿಷ ಮೂವತ್ತು ಸೆಕೆಂಡು' ಎಣಿಸುತ್ತ ಕೂರುತ್ತದೆ, ನಾನು ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಆದರೂ ಯಾಕೆ ಕಾಯುತ್ತಿದ್ದೇನೆ ಎಂಬುದನ್ನು ಪರದೆಯ ಮೇಲೆ ಬರೆದು ತೋರಿಸಿಯೇ ಕಾಯಿಸುತ್ತದೆ. ನನಗೆ ಇದು ಸಾಕು, ಎಲ್ಲರಿಗೂ ಸಾಕಾಗಬೇಕಿಲ್ಲ. ಅಪ್ಪ ಎಸ್.ಪಿ. ರೋಡಿನ ಆ ಯಂತ್ರದಲ್ಲಿ ಕಡೆಯವರೆಗೂ ಬರೆದರು. ಅದರಲ್ಲಿ ಓಡುತ್ತಿದ್ದುದು ಯಾವುದು ಎಂದು ಯಾರಾದರೂ ಕೇಳಿದರೆ 'ಕಂಪ್ಯೂಟರ್' ಎನ್ನುತ್ತಿದ್ದರು.

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೂ ಆಸರೆ ಮುಗಿಯಿತು. ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ವಿಂಡೋಸ್ 11ಕ್ಕೆ ಅರ್ಹತೆ ಇಲ್ಲದೆ ಕೂತಿವೆ. ಈಗ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ: "ಸಾರ್, ಇದಕ್ಕೆ ಲಿನಕ್ಸ್ ಹಾಕ್ಬಹುದಾ?" ಮೊದಲಾಗಿದ್ದರೆ ಮಾತು ಮುಗಿಯುವುದರೊಳಗೆ ಪೆನ್‌ಡ್ರೈವ್ ತೆಗೆಯುತ್ತಿದ್ದೆ. ಈಗ ಪ್ರಶ್ನೆ ಕೇಳುತ್ತೇನೆ. ಪ್ರಿಂಟರ್ ಯಾವುದು? ಆಫೀಸಿನ ಕಡತಕ್ಕೆ ಸಹಿ ಹಾಕಲು ಚುಚ್ಚುವ ಟೋಕನ್ ಇದೆಯೇ? ನುಡಿಯ ಹಳೇ ಕಡತ ಎಷ್ಟಿವೆ? ಮನೆಯಲ್ಲಿ ಇನ್ಯಾರು ಬಳಸುತ್ತಾರೆ? ಓದಲು, ಬರೆಯಲು, ಸಿನಿಮಾ ನೋಡಲು ಮಾತ್ರ ಎಂದ ಹುಡುಗರಿಗೆ ಮಿಂಟ್ ಹಾಕಿಕೊಟ್ಟೆ, ಅವರು ಮತ್ತೆ ತಿರುಗಿ ಬಂದಿಲ್ಲ, ಅಂದರೆ ನಡೆಯುತ್ತಿದೆ. ಪಕ್ಕದ ಬೀದಿಯ ಗುತ್ತಿಗೆದಾರರೊಬ್ಬರು ಟೆಂಡರ್ ಕಾಗದಕ್ಕೆ ದಿನವೂ ಡಿಜಿಟಲ್ ಸಹಿ ಹಾಕುವವರು. ಅವರಿಗೆ ಬೇಡ ಎಂದೆ. "ನೀವೇ ಹಿಂಗಂದ್ರೆ ಹೆಂಗೆ ಮೇಷ್ಟ್ರೇ, ಇಷ್ಟು ವರ್ಷ ಹೊಗಳಿದ್ದೇ ಹೊಗಳಿದ್ದು" ಎಂದು ಬೇಸರಪಟ್ಟುಕೊಂಡರು.

ಅವರು ಹೊಸ ಲ್ಯಾಪ್‌ಟಾಪ್ ಕೊಂಡರು. ಹಳೆಯದನ್ನು, ನಿಮಗಾದರೂ ಉಪಯೋಗಕ್ಕೆ ಬರಲಿ ಎಂದು ಮನೆಗೆ ತಂದುಕೊಟ್ಟರು. ಆ ಸಂಜೆಯೇ ಡೆಬಿಯನ್ ತುಂಬಿದೆ. ವೈಫೈ ಮೊದಲ ಸಲಕ್ಕೇ ಹಿಡಿಯಿತು, ಧ್ವನಿ ಬಂತು, ಮುಚ್ಚಳ ಮುಚ್ಚಿದರೆ ಮಲಗಿ ತೆರೆದರೆ ಎದ್ದಿತು. ಬೆರಳಚ್ಚು ಓದುವ ಗುಂಡಿ ಮಾತ್ರ ಇನ್ನೂ ಕೆಲಸ ಮಾಡಿಲ್ಲ. ಭಾನುವಾರ ಬಿಡುವಿದೆ, ನೋಡಬೇಕು.